ಬೀಜದ ಕೋಣೆಯ ಗುಬ್ಬಿಮರಿಗಳು

"ಸಿಸ್ಟರಮ್ಮಾ, ಬೇಗ ಬನ್ನಿ! ಅಪ್ಪನ್ನ ನಾನೇ ಕೊಂದೆ ಅಂತಿದಾರೆ!"

ಬಾಗಿಲಲ್ಲಿ ನಿಂತಿದ್ದವಳು ನಮ್ಮ ಸಾಲುಮನೆಗಳ ಕೊನೆಯ ಮನೆಯ ಇಸ್ತ್ರಿಯವಳು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅತ್ತಿಗೆ ಬಾಯಿ ಮುಕ್ಕಳಿಸಿ, "ಯಾರು ಹಾಗಂದೋರು?" ಎಂದು ಕೇಳುತ್ತಲೇ ಮೆಟ್ಟಿಲಿಳಿದರು.

ನನ್ನ ತೀರಿಹೋದ ಅಣ್ಣನ ಹೆಂಡತಿ ಅವರು. ಗಿರಣಿಯ ದವಾಖಾನೆಯಲ್ಲಿ ಅದು ಮುಚ್ಚುವವರೆಗೂ ನರ್ಸ್ ಆಗಿದ್ದರು. ಯಂತ್ರಕ್ಕೆ ಸಿಕ್ಕಿದ ಕೈ, ಹಬೆಗೆ ಬೆಂದ ಬೆನ್ನು, 'ಕುಡಿದು ಬಿದ್ದ' ಎಂದು ಬರೆಯಲು ಮಾಲೀಕರು ಒತ್ತಾಯಿಸಿದ ಹೆಣ, ಎಲ್ಲವನ್ನೂ ಕಂಡ ಕಣ್ಣು ಅವರದು. ಅವರೊಮ್ಮೆಯೂ ಹಾಗೆ ಬರೆಯಲಿಲ್ಲ. ಸಾಲಿನಲ್ಲಿ ಯಾರ ಮೇಲೆ ಸುಳ್ಳು ಹೊರೆ ಬಿದ್ದರೂ ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ. ಅವರ ಹಿಂದೆ ಹೋಗುವುದು, ಕಂಡದ್ದನ್ನು ಬರೆದಿಡುವುದು ನನ್ನ ಕೆಲಸ.

ಗಿರಣಿ ಓಡುತ್ತಿದ್ದಾಗ ಹತ್ತಿಯ ದೂಳು ನುಂಗಿ ಕೆಮ್ಮಿದವರನ್ನು ಯಾರೂ ತಿರುಗಿ ನೋಡಲಿಲ್ಲ. ಅದು ಸತ್ತ ಮೇಲೆ 'ಪಾರಂಪರಿಕ ಕಟ್ಟಡ' ಎಂಬ ಬಿರುದು ಬಂತು, ಟ್ರಸ್ಟ್ ಬಂತು, ಭಾನುವಾರ ತೋಟಕ್ಕೂ ಕೆರೆಯ ಹಕ್ಕಿಗಳಿಗೂ ಬಿಟ್ಟಿ ಸೇವೆ ಮಾಡುವ ಸ್ವಯಂಸೇವಕರು ಬಂದರು. ಸಾಲುಮನೆಗಳಲ್ಲಿ ಉಳಿದ ನಾವು ಮಾತ್ರ ಯಾರಿಗೂ ಬೇಡದ ಪರಂಪರೆ. ನಮ್ಮನ್ನು ಎಬ್ಬಿಸಿ ಆ ಜಾಗವನ್ನೂ ಕೆರೆಯ ಪಕ್ಷಿಧಾಮಕ್ಕೆ ಸೇರಿಸಬೇಕೆಂದು ಟ್ರಸ್ಟ್ ತುದಿಗಾಲಲ್ಲಿ ನಿಂತಿತ್ತು. ಈಚೆಗೆ ಕೆರೆಯಂಚಿನಲ್ಲಿ ಯಾರೋ ಬಲೆ ಕಟ್ಟತೊಡಗಿದ್ದರು. ಹಕ್ಕಿ ಹಿಡಿದು ತಿನ್ನುವವರು ಸಾಲಿನವರೇ ಎಂದು ಮಾತು ಹಬ್ಬಿತ್ತು.

ಸತ್ತಿದ್ದವರು ಇಸ್ತ್ರಿಯವಳ ಅಪ್ಪ, ಸಾಲಿಗೆಲ್ಲ ಬಾಯ್ಲರ್ ತಾತ. ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಲೇ ಮುದುಕರಾದವರು. ಸಾಲಿನಿಂದ ಸ್ವಯಂಸೇವಕರ ಗುಂಪಿಗೆ ಸೇರಿದವರು ಅವರೊಬ್ಬರೇ. ಗುಬ್ಬಿಗೂಡುಗಳಿಗೆ ಬೆಕ್ಕು ಬಾರದಂತೆ ರಾತ್ರಿ ತೋಟದ ಬೀಜದ ಕೋಣೆಯಲ್ಲೇ ಮಲಗುತ್ತಿದ್ದರು.

ಆ ಕೋಣೆಯ ಹೊರಗೆ ಒಂದು ಜೋಡಿ ಗುಬ್ಬಿ ಗೋಡೆಗೆ ಬಡಿದುಕೊಳ್ಳುವ ಹಾಗೆ ಸುತ್ತುತ್ತಿತ್ತು. ಕೊಕ್ಕಿನಲ್ಲಿ ಹುಳ. ಒಳಗೆ ಚಾಪೆಯ ಮೇಲೆ ತಾತ, ಪಕ್ಕದಲ್ಲಿ ಇದ್ದಿಲ ಬೋಗುಣಿ, ಮೇಲೆ ಗೋಡೆಯ ಗೂಡುಕಿಂಡಿಗೆ ತುರುಕಿದ ಗೋಣಿತಟ್ಟು.

ಅತ್ತಿಗೆ ಹೆಣದ ಕಡೆ ನೋಡಲಿಲ್ಲ. ಸ್ಟೂಲ್ ಹತ್ತಿ ಗೋಣಿಯನ್ನು ಕಿತ್ತೆಸೆದರು. ಹೊರಗಿದ್ದ ಗುಬ್ಬಿ ಬಾಣದಂತೆ ಒಳನುಗ್ಗಿತು. ತೊಲೆಯ ಮೇಲಿನ ಗೂಡಿನಿಂದ ಮರಿಗಳ ಚೀರಾಟ ಎದ್ದಿತು.

"ಸಿಸ್ಟರ್, ಸಾಕ್ಷಿ ಮುಟ್ಟಬಾರದು," ಎಂದ ಇನ್ಸ್‌ಪೆಕ್ಟರ್.

"ಸಾಕ್ಷಿಗಳು ಹಸಿದಿದ್ವಪ್ಪ," ಎಂದರು ಅತ್ತಿಗೆ.

ಆಮೇಲೆ ತಾತನ ಪಕ್ಕ ಕುಳಿತರು. ಉಗುರು ನೋಡಿದರು, ತುಟಿ ನೋಡಿದರು, ಕಣ್ಣರೆಪ್ಪೆ ಮಗುಚಿದರು. ನನ್ನನ್ನು ಕರೆದು, "ಇಲ್ನೋಡಪ್ಪ," ಎಂದರು. ಉಗುರು, ತುಟಿ ಕಡುನೀಲಿ. ರೆಪ್ಪೆಯ ಒಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಹಲ್ಲಿನ ಸಂದಿಯಲ್ಲಿ ಅಂಟಿದ ಒಂದು ಎಳೆ. ದೀಪ ಹಿಡಿದರೆ ಅದು ಹಸಿರುನೀಲಿಯಾಗಿ ಮಿಂಚಿತು. ಇನ್ಸ್‌ಪೆಕ್ಟರ್ ಎದುರೇ ಅತ್ತಿಗೆ ಅದನ್ನು ಬಿಡಿಸಿ ಕಾಗದದಲ್ಲಿ ಮಡಿಸಿಟ್ಟರು. ಕೊನೆಗೆ ಬೋಗುಣಿಯ ಬೂದಿ ಕೆದಕಿದರು. ಒಳಗೆ ಕೆಂಡ ಇನ್ನೂ ಕೆಂಪಗಿತ್ತು.

"ಮೊದಲು ನೋಡಿದ್ದು ಯಾರು?"

"ನಾನು," ಎಂದರು ಹಕ್ಕಿ ಮೇಷ್ಟ್ರು. ಸ್ವಯಂಸೇವಕರ ಮುಖಂಡರು, ಕಾಲೇಜಿನಿಂದ ನಿವೃತ್ತರಾದವರು. "ಬೆಳಗಾಗುತ್ಲೂ ಬಂದೆ. ಬಾಗಿಲು ತೆಗೆದ್ರೆ ಉಸಿರು ಕಟ್ಟೋ ಹಾಗಿತ್ತು. ಪಾಪ, ಚಳಿ ಅಂತ ಕಿಂಡಿ ಮುಚ್ಚಿ ಇದ್ದಿಲು ಹಾಕ್ಕೊಂಡಿದಾನೆ."

"ಬೋಗುಣಿ ಈ ಹೆಂಗಸಿಂದು," ಎಂದ ಟ್ರಸ್ಟಿನ ಮ್ಯಾನೇಜರ್. "ನಿರ್ಲಕ್ಷ್ಯದ ಕೇಸು. ಬೆಂಕಿ ಅಪಾಯದ ಕಾರಣಕ್ಕೆ ಇವತ್ತೇ ಸಾಲು ಖಾಲಿ ಮಾಡಿಸ್ತೀವಿ."

"ಬೋಗುಣಿ ಮನೆ ಹೊರಗೆ ಇಸ್ತ್ರಿ ಮೇಜಿನ ಕೆಳಗಿತ್ತು ಸಾಹೇಬ್ರೇ, ನಾನು ಕೊಡಲಿಲ್ಲ!" ಎಂದಳು ಇಸ್ತ್ರಿಯವಳು.

"ಮತ್ತೆ ತಾನಾಗೇ ನಡ್ಕೊಂಡು ಬಂತಾ?" ಎಂದ ಮ್ಯಾನೇಜರ್.

ತೋಟ ನೋಡಿಕೊಳ್ಳುವ ಗಿಡದಮ್ಮ ಮೂಗಿಗೆ ಕರ್ಚೀಫು ಒತ್ತಿ ನಿಂತಿದ್ದರು. ಹಿಂದಿನ ದಿನ ತಾತನಿಗೂ ಅವರಿಗೂ ಜಗಳವಾಗಿದ್ದನ್ನು ನಾನೇ ಕೇಳಿದ್ದೆ. ಗುಬ್ಬಿ ಹಿಕ್ಕೆ ಸಸಿಯ ಮೇಲೆ ಬೀಳುತ್ತದೆ, ಗೂಡು ಕಿತ್ತೆಸೆ ಎಂದು ಅವರು ಕೂಗಿದ್ದರು. 'ನನ್ನ ಹೆಣ ಬಿದ್ಮೇಲೆ ಕೀಳಮ್ಮ,' ಎಂದು ತಾತ ನಕ್ಕಿದ್ದರು. ಅದೇ ಸಂಜೆ ಬಲೆಯಲ್ಲಿ ಒಂದು ಮಿಂಚುಳ್ಳಿ ಸಿಕ್ಕಿಬಿದ್ದಿತ್ತು. ಎಂದಿನಂತೆ ಮೊದಲು ಕಂಡವರು ಮೇಷ್ಟ್ರೇ. ಹಕ್ಕಿ ಹೆದರಬಾರದೆಂದು ಹೆಗಲ ಕಪ್ಪು ಬಟ್ಟೆಚೀಲದೊಳಗೆ ಇಟ್ಟು, ನೂಲು ಬಿಡಿಸಿ, ಹಾರಿಬಿಟ್ಟಿದ್ದರು. ಅವರ ಕೈಗೆ ಬಂದ ಒಂದು ಹಕ್ಕಿಯೂ ಸತ್ತದ್ದಿಲ್ಲ.

ಅತ್ತಿಗೆ ಇಸ್ತ್ರಿಯವಳನ್ನು ಆಚೆ ಕರೆದರು. "ರಾತ್ರಿ ನಿಮ್ಮಪ್ಪ ಏನಾದ್ರೂ ಅಂದ್ರೇನಮ್ಮ?"

"ಬಲೆ ಹಾಕೋರು ನಮ್ಮೋರಲ್ಲ, ಕಣ್ಣಾರೆ ಕಂಡೆ ಅಂದ್ರು. ನಾಳೆ ಭಾನುವಾರದ ಸಭೇಲಿ ಹೇಳ್ತೀನಿ ಅಂದ್ರು. ಯಾರಪ್ಪಾ ಅಂದೆ. ಮೊದ್ಲು ಅವರಿಗೇ ಒಂದು ಮಾತು ಹೇಳ್ಬೇಕು, ದೊಡ್ಡೋರು, ಎಲ್ಲರ ಮುಂದೆ ಮಾನ ಕಳೀಬಾರ್ದು ಅಂದ್ರು."

ಅತ್ತಿಗೆ ಕೋಣೆಯ ಕಡೆ ತಿರುಗಿದರು. "ಅದನ್ನೂ ಯೋಚಿಸಿದ್ರಾ ಪುಣ್ಯಾತ್ಮ," ಎಂದರು.

ಸಭೆಗೆಂದು ಬಂದಿದ್ದವರೆಲ್ಲ ಬೀಜದ ಕೋಣೆಯ ಮುಂದೆ ಸೇರಿದರು. ಒಂದು ಕಡೆ ಹ್ಯಾಟು, ದುರ್ಬೀನು. ಇನ್ನೊಂದು ಕಡೆ ಸಾಲಿನವರು. ಶವಕ್ಕೆ ಬಂದ ವ್ಯಾನ್ ಹಿಂದಿನ ಗೇಟಿನಲ್ಲಿ ಕಾಯುತ್ತಿತ್ತು. ತಾತನನ್ನು ಹೊರಗೆ ತಂದು ಬಟ್ಟೆ ಹೊದಿಸಿ ಮಲಗಿಸಿದ್ದರು.

"ಇನ್ಸ್‌ಪೆಕ್ಟರ್ರೇ, ಈ ಹುಡುಗಿನ ಕರ್ಕೊಂಡು ಹೋಗೋದಾದ್ರೆ ಹೋಗಿ," ಎಂದರು ಅತ್ತಿಗೆ. "ಅದಕ್ಕೆ ಮುಂಚೆ ಒಂದು ಪರೀಕ್ಷೆ ಆಗ್ಲಿ. ಈ ಕೆಂಡಕ್ಕೆ ಇನ್ನಷ್ಟು ಇದ್ದಿಲು ಹಾಕಿ ಒಳಗಿಡೋಣ. ಕಿಂಡಿಗೆ ಗೋಣಿ ತುರುಕಿ ಬಾಗಿಲು ಹಾಕೋಣ."

ಇನ್ಸ್‌ಪೆಕ್ಟರ್ ಅನುಮಾನಿಸುತ್ತಲೇ ಬೋಗುಣಿ ಎತ್ತಲು ಹೇಳಿದ. ಪೇದೆ ಹೊಸ್ತಿಲು ದಾಟುವಷ್ಟರಲ್ಲಿ ಮೇಷ್ಟ್ರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ಬೇಡ! ಮರಿಗಳಿವೆ ಒಳಗೆ. ಸತ್ತೇಹೋಗ್ತವೆ!"

"ಹೌದಾ ಮೇಷ್ಟ್ರೇ?" ಅತ್ತಿಗೆಯ ದನಿ ತಣ್ಣಗಿತ್ತು. "ಇದೇ ಇದ್ದಿಲು, ಇದೇ ಗೋಣಿ. ಆಳೆತ್ತರದ ಮನುಷ್ಯ ಸತ್ತ ಗಾಳೀಲಿ ಹೆಬ್ಬೆರಳಿನಷ್ಟು ಮರಿ ಬದುಕಿದ್ದು ಹೇಗೆ?"

ಅತ್ತಿಗೆ ತೊಲೆಯ ಕಡೆ ಕೈ ತೋರಿಸಿದರು.

"ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ. ಗೂಡು ಇರೋದು ತೊಲೆ ಮೇಲೆ. ಮೊದ್ಲು ಸಾಯಬೇಕಾಗಿದ್ದು ಅವು. ಅಂದ್ರೆ ರಾತ್ರಿಯಿಡೀ ಕಿಂಡಿ ತೆರೆದೇ ಇತ್ತು, ಕೋಣೇಲಿ ಇದ್ದಿಲೂ ಇರಲಿಲ್ಲ. ರಾತ್ರಿ ಹೊತ್ತಿಸಿದ್ದಾಗಿದ್ರೆ ಇಷ್ಟು ಸಣ್ಣ ಬೋಗುಣಿ ಬೆಳಗ್ಗೆ ತಣ್ಣಗಿನ ಬೂದಿ ಆಗಿರ್ತಿತ್ತು. ನಾನು ಕೆದಕಿದಾಗ ಕೆಂಡ ಕೆಂಪಗಿತ್ತು. ಇದನ್ನೆಲ್ಲ ಜೋಡಿಸಿದ್ದು ಬೆಳಗ್ಗೆ, ಜನ ಬರೋಕೆ ಸ್ವಲ್ಪ ಮುಂಚೆ. ಇನ್ನು ಸಾವು. ಇದ್ದಿಲ ಗಾಳಿ ಕುಡಿದು ಸತ್ತೋರ ಉಗುರು, ತುಟಿ ಗುಲಾಬಿ ಕೆಂಪಿರುತ್ತೆ. ತಾತಂದು ನೀಲಿ. ರೆಪ್ಪೇಲಿ ರಕ್ತದ ಚುಕ್ಕೆ. ಮಲಗಿದ್ದೋರ ಮುಖ ಒತ್ತಿ ಉಸಿರು ನಿಲ್ಲಿಸಿದಾರೆ."

"ಅದು ಯಾರು ಬೇಕಾದ್ರೂ ಮಾಡಿರಬಹುದಲ್ಲ?" ಎಂದ ಮ್ಯಾನೇಜರ್. ಅವನ ದನಿ ಸಣ್ಣಗಾಗಿತ್ತು.

"ನೀವಾಗಿದ್ರೆ ರಾತ್ರೀನೇ ಕಿಂಡಿ ಮುಚ್ಚಿ ಇದ್ದಿಲು ಹಾಕಿ ಹೋಗಿರ್ತಿದ್ರಿ. ಅಲ್ಲಿ ಗೂಡು ಇದೆ ಅಂತಾನೇ ನಿಮಗೆ ಗೊತ್ತಿಲ್ಲ. ಗಿಡದಮ್ಮ ಆಗಿದ್ರೆ ಮರಿ ಹೋಗಿದ್ದೇ ಒಳ್ಳೇದಾಯ್ತು ಅಂದ್ಕೊಳ್ತಿದ್ರು."

"ಅಯ್ಯೋ, ನಾನು ಬಾಯಿಗೆ ಬಂದಿದ್ದು ಅಂದೆ ಅಷ್ಟೇ!" ಎಂದು ಗಿಡದಮ್ಮ ಅತ್ತೇಬಿಟ್ಟರು.

"ಕೊಲೆ ರಾತ್ರಿ, ಇದ್ದಿಲು ಬೆಳಗ್ಗೆ. ಎರಡು ಸಲ ಬರೋ ಅಪಾಯ ಯಾಕೆ ಮೈಮೇಲೆ ಎಳ್ಕೊಂಡ? ಮರಿ ಸಾಯಬಾರದು ಅಂತ. ಅಂಥೋನು ಇಲ್ಲಿ ಒಬ್ಬನೇ. ಒತ್ತಿದ್ದು ಯಾವುದರಿಂದ ಅಂತ ಕೇಳ್ತೀರಾ?" ಅತ್ತಿಗೆ ಮಡಿಸಿದ ಕಾಗದ ಬಿಚ್ಚಿದರು. "ತಾತನ ಹಲ್ಲಿನ ಸಂದೀಲಿದ್ದ ಗರಿಯ ಎಳೆ ಇದು. ಗುಬ್ಬಿದಲ್ಲ, ಮಿಂಚುಳ್ಳಿದು. ಮಿಂಚುಳ್ಳಿ ಆ ಕೋಣೆಗೆ ಬರೋ ಹಕ್ಕಿನೂ ಅಲ್ಲ. ನಿನ್ನೆ ಸಂಜೆ ಅದಿದ್ದ ಚೀಲ ಒಂದೇ."

ಇನ್ಸ್‌ಪೆಕ್ಟರ್ ಕೈ ಚಾಚಿದ. ಮೇಷ್ಟ್ರು ಹೆಗಲಿನಿಂದ ಕಪ್ಪು ಚೀಲ ಇಳಿಸಿ ಕೊಟ್ಟರು. ಅದು ಆಗಷ್ಟೇ ಒಗೆದದ್ದು, ಇನ್ನೂ ಒದ್ದೆಯಾಗಿತ್ತು.

"ಬಲೆ ಹಾಕ್ತಿದ್ದೋರೂ ಇವರೇ," ಎಂದರು ಅತ್ತಿಗೆ. "ತಿನ್ನೋಕೆ ಹಿಡಿಯೋನು ಹಕ್ಕಿನ ಬಿಟ್ಟು ಹೋಗ್ತಾನಾ? ಪ್ರತಿ ಸಲ ಮೊದ್ಲು ಕಾಣೋರು ಇವರು, ಪ್ರತಿ ಸಲ ಹಕ್ಕಿ ಕ್ಷೇಮ. ಹೆಸರು ಕೆಡೋದು ಮಾತ್ರ ಸಾಲಿನೋರದು. ತಾತ ಅದನ್ನ ನೋಡಿಬಿಟ್ರು. ಇವರ ಮಾನ ಉಳಿಸೋಕೆ ಅಂತ ಮೊದ್ಲು ಇವರಿಗೇ ಹೇಳಿದ್ರು."

ಮೇಷ್ಟ್ರು ಅಲ್ಲಗಳೆಯಲಿಲ್ಲ. "ಸಾಲು ಹೋದ್ರೆ ಇಡೀ ಕೆರೆ ಉಳೀತಿತ್ತು," ಎಂದರು, ಪಾಠ ಹೇಳುವವರ ಹಾಗೆ. "ಎಷ್ಟು ಸಾವಿರ ಹಕ್ಕಿ ಅಂತ ನಿಮಗೆ ಅಂದಾಜಿಲ್ಲ. ಅವನಿಗೆ ವಯಸ್ಸಾಗಿತ್ತು. ನೋವಾಗದ ಹಾಗೇ ಮಾಡಿದೆ."

ಇಸ್ತ್ರಿಯವಳು ಅವರ ಮುಂದೆ ಹೋಗಿ ನಿಂತಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. "ಕೈ ಕಾಲು ಒದ್ದಾಡ್ಲಿಲ್ವಾ ನಮ್ಮಪ್ಪ?" ಎಂದು ಕೇಳಿದಳು. ಮೇಷ್ಟ್ರು ನೆಲ ನೋಡಿದರು. ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು. ಪೇದೆಗಳು ಅವರನ್ನು ಕರೆದೊಯ್ದ ಮೇಲೂ ಅದೇ ಜಾಗದಲ್ಲಿ ನಿಂತಿದ್ದಳು.

"ನಿನ್ನ ಮೇಲೆ ಏನೂ ಇಲ್ಲಮ್ಮ," ಎಂದ ಇನ್ಸ್‌ಪೆಕ್ಟರ್. ಮ್ಯಾನೇಜರ್ ಕಡೆ ತಿರುಗಿ, "ಕೇಸು ಮುಗಿಯೋ ತನಕ ಸಾಲಿನ ಒಂದು ಹೆಂಚೂ ಅಲ್ಲಾಡಬಾರದು," ಎಂದ. ಕೇಸು ಮುಗಿದ ಮೇಲೆ ಏನೆಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ಅದಕ್ಕೆ ನಾವೇ ಹೊಡೆದಾಡಬೇಕೆಂದು ಗೊತ್ತಿತ್ತು.

ಸಾಲಿನವರು ತಾತನನ್ನು ಎತ್ತಿಕೊಂಡರು. ಮ್ಯಾನೇಜರ್ ಓಡಿಬಂದ. "ಹಿಂದಿನ ಗೇಟಿಂದ ಹೋಗಿ. ಮುಂದೆ ಟಿಕೆಟ್ ತಗೊಂಡು ಜನ ನಿಂತಿದಾರೆ. ಚೆನ್ನಾಗಿರಲ್ಲ."

ಗಿರಣಿಯ ಮುಂಬಾಗಿಲು ಮಾಲೀಕರದು, ಈಗ ಪ್ರವಾಸಿಗಳದು. ಕೂಲಿಯವರಿಗೆ ಎಂದೂ ಹಿಂದಿನ ಗೇಟೇ.

"ಅಪ್ಪ ಜೀವಮಾನವಿಡೀ ಹಿಂದಿನಿಂದಲೇ ಬಂದ್ರು," ಎಂದಳು ಇಸ್ತ್ರಿಯವಳು. "ವ್ಯಾನನ್ನ ಮುಂದಕ್ಕೆ ಕರೀರಿ."

ಮ್ಯಾನೇಜರ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದ. ಅತ್ತಿಗೆ ಹೋಗಿ ಗೇಟಿನ ಒಂದು ರೆಕ್ಕೆಗೆ ಹೆಗಲು ಕೊಟ್ಟರು, ನಾನು ಇನ್ನೊಂದಕ್ಕೆ. ಕಬ್ಬಿಣ ಕಿರುಗುಟ್ಟುತ್ತ ಅಗಲವಾಗಿ ತೆರೆಯಿತು. ಹೊರಗೆ ಕ್ಯಾಮೆರಾ ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಅದನ್ನು ಕೆಳಗಿಳಿಸಿ, ನಮಗೆ ದಾರಿ ಬಿಟ್ಟರು.