ಆರುನೂರಾ ನಲವತ್ತೊಂದಕ್ಕೆ ಒಡೆದದ್ದು

ಈರಬಸಪ್ಪ ಮಾಸ್ತರು ಮೊದಲ ಸಲ ಆ ಮನೆಗೆ ಬಂದದ್ದು ತೊಟ್ಟಿಲಿಗಾಗಿ. ಕುಬಿಹಾಳದಲ್ಲಿ ತಂಗಿ ಬಾಣಂತಿ. ಕಲಘಟಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಣ್ಣ ಬಣ್ಣದ ತೊಟ್ಟಿಲು ಕಳಿಸದೆ ಇರುತ್ತಾನೇನು?

ತೊಟ್ಟಿಲು ಮಾಡುವ ಹುಲಿಗೆಪ್ಪನ ಪಡಸಾಲೆಯಲ್ಲಿ ಅವನ ಮಗಳು ರೇವವ್ವ ಕುಂತಿದ್ದಳು. ತೊಟ್ಟಿಲಿನ ಒಂದೊಂದು ಪಟ್ಟಿಗೆ ಎಷ್ಟು ಬಣ್ಣದ ಹೂ ಕೂಡುತ್ತವೆಂದು ಬಣ್ಣ ಹಚ್ಚದ ಹಲಿಗೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕುತ್ತಿದ್ದಳು. ಪಿಯುಸಿ ಮುಗಿಸಿ ಅಪ್ಪನ ಜೊತೆ ಬಣ್ಣ ಹಚ್ಚುವ ಹುಡುಗಿ. ಅವಳ ಭಾಗಾಕಾರದ ಚಂದ ನೋಡಿ ಮಾಸ್ತರು ತೊಟ್ಟಿಲು ಮರೆತೇಬಿಟ್ಟರು. ಸೀಮೆಸುಣ್ಣ ಇಸಕೊಂಡು ಬರೆದರು: ೪೨೯೪೯೬೭೨೯೭.

ಮೂವತ್ತೆರಡು ಎರಡುಗಳನ್ನು ಗುಣಿಸಿ ಒಂದು ಕೂಡಿಸಿದರೆ ಇದು ಬರುತ್ತದೆ, ಗಟ್ಟಿ ಕಾಳಿನಂತೆ ಕಂಡರೂ ಒಡೆಯುತ್ತದೆ, ಯಾವ ಸಂಖ್ಯೆಯಿಂದ ಭಾಗಿಸಿದರೆ ಕೆಳಗೆ ಸೊನ್ನೆ ಉಳಿಯುತ್ತದೆ ಅಂತ ನೀವೇ ಹುಡುಕಿರಿ ಅಂದರು. ಕ್ಯಾಲ್ಕುಲೇಟರಿನಲ್ಲಿ ಎಂಟೇ ಅಂಕಿ ಹಿಡಿಸುತ್ತವೆ, ಕೈಯಿಂದಲೇ ಆಗಬೇಕು. ಹೇಳುವಾಗ ಅವರ ಕಣ್ಣು ಅವಳ ಮೂಗಿಗೆ ಮೆತ್ತಿದ ಹಳದಿ ಬಣ್ಣದ ಮೇಲಿತ್ತು.

ತೊಟ್ಟಿಲು ಕುಬಿಹಾಳ ಸೇರಿತು. ಮಾಸ್ತರು ಮಾತ್ರ ಸಂತೆಯ ದಿನ ತಪ್ಪದೆ ಬಂದರು. ರೇವವ್ವ ಅವಿಭಾಜ್ಯ ಸಂಖ್ಯೆಗಳನ್ನು ಸಾಲಾಗಿ ಹಚ್ಚಿ ನೋಡುತ್ತಿದ್ದಳು: ಮೂರು, ಏಳು, ಹನ್ನೊಂದು. ಪ್ರತಿ ಸಲ ಕೆಳಗೆ ಏನಾದರೂ ಉಳಿಯುತ್ತಿತ್ತು. ಇನ್ನೂ ಒಡೆಯಲಿಲ್ಲವೇನ್ರಿ ಅಂತ ಅವರು ಕಾಡಿಸಿದರೆ, ಕೊಟ್ಟವರಂಗ ಗಟ್ಟಿ ಐತ್ರಿ ಅನ್ನುವಳು. ಹುಲಿಗೆಪ್ಪ ಬಣ್ಣಕ್ಕೆ ಅರಗು ಕಾಸುತ್ತ ಕೇಳದವನಂತೆ ಇರುತ್ತಿದ್ದ.

ಹುಚ್ಚು ಹುಡುಗಿ, ಮನೆದೇವರಿಗೆ ಹರಕೆ ಹೊತ್ತಿದ್ದಳು. ಲೆಕ್ಕ ಒಡೆದ ದಿನ ಮಾಸ್ತರಿಗೆ ಮನಸ್ಸಿನ ಮಾತು ಹೇಳುತ್ತೇನೆ, ಅಲ್ಲಿತನಕ ಯಾರ ಮುಂದೂ ಬಾಯಿ ಬಿಡುವುದಿಲ್ಲ. ತನಗೆ ಧೈರ್ಯ ಸಾಲದ್ದಕ್ಕೆ ದೇವರ ಮೇಲೆ ಭಾರ ಹಾಕಿದಳು. ದೇವರಿಗೆ ಭಾಗಾಕಾರ ಬರುತ್ತದೋ ಇಲ್ಲವೋ, ಯಾರು ಬಲ್ಲರು?

ಮಳೆ ನಿಂತಿತು, ಭತ್ತ ಕೊಯ್ದರು. ಮಿಶ್ರಿಕೋಟಿಯಿಂದ ಸಂಬಂಧ ಬಂತು. ಹುಲಿಗೆಪ್ಪ ಒಳ್ಳೆಯವ, ಮಗಳನ್ನು ಬಾಜು ಕೂರಿಸಿಕೊಂಡು ಕೇಳಿದ.

"ಮನಸ್ಸಿನ್ಯಾಗ ಯಾರರೆ ಇದ್ರ ಈಗ ಹೇಳ ಬೇ. ಮಾಸ್ತರ ಇದ್ರೂ ನಾ ಹೋಗಿ ಕೇಳತೇನಿ."

ಅವಳಾಗ ಐನೂರಾ ತೊಂಬತ್ತೊಂಬತ್ತಕ್ಕೆ ಬಂದಿದ್ದಳು. ಹರಕೆ ಮುರಿದರೆ ಮಾಸ್ತರಿಗೇ ಕೇಡಾದೀತೆಂದು ಹೆದರಿ, ಗಂಟಲಿಗೆ ಬಂದ ಹೆಸರನ್ನು ನುಂಗಿದಳು. ಸುಮ್ಮನಿದ್ದದ್ದೇ ಒಪ್ಪಿಗೆ ಅಂದುಕೊಂಡ ಅಪ್ಪ ಮದುವೆ ನಿಶ್ಚಯದ ಸಕ್ಕರೆ ಹಂಚಿಸಿದ.

ಆ ಸಕ್ಕರೆಗೆ ಮುತ್ತಿದ ಇರುವೆ ಇನ್ನೂ ಪಡಸಾಲೆ ಬಿಟ್ಟಿರಲಿಲ್ಲ, ಆರುನೂರಾ ನಲವತ್ತೊಂದಕ್ಕೆ ಲೆಕ್ಕ ಒಡೆಯಿತು. ಕೆಳಗೆ ಸೊನ್ನೆ. ತಪ್ಪಿರಲಿ ದೇವರೇ ಅಂತ ಬೇಡಿಕೊಂಡು ಮತ್ತೆ ಮಾಡಿದಳು. ಮತ್ತೆ ಸೊನ್ನೆಯೇ ಬಂತು.

ಸಂತೆಯ ದಿನ ಮಾಸ್ತರು ಬಂದಾಗ ಹುಲಿಗೆಪ್ಪ ಮನೆಯಲ್ಲಿರಲಿಲ್ಲ. ಸುದ್ದಿ ಮುಟ್ಟಿ ಅವರ ಮುಖ ಬಾಡಿತ್ತು. ಹಲಿಗೆ ನೋಡುತ್ತ ನಿಂತವರು, ಇದಕ್ಕೊಂದು ಒಳದಾರಿ ಇತ್ತು ಅಂದರು. ಈ ಸಂಖ್ಯೆಯನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು ಅರವತ್ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಅಂಥವನ್ನಷ್ಟೇ ಹಚ್ಚಿದ್ದರೆ ಐದನೆಯದಕ್ಕೇ ಒಡೆಯುತ್ತಿತ್ತು.

"ಅಂದ್ರ ಒಂದು ಸಂಜಿ ಸಾಕಿತ್ತೇನ್ರಿ?"

"ಸಾಕಿತ್ತು. ಹೇಳಿದ್ರ ಇಲ್ಲಿಗೆ ಬರೂ ನೆವ ತಪ್ಪತಿತ್ತು. ಬ್ಯಾಸಗಿ ಸೂಟಿಗೆ ನಿಮ್ಮಪ್ಪನ್ನ ಕೇಳೂಣು ಅಂತ ಕುಂತಿದ್ನಿ, ರೇವಾ. ಇನ್ನ ಹಂಚಿದ ಸಕ್ಕರಿ ತಿರುಗಿ ಬರೂದಿಲ್ಲ."

ಅವರು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೆ ಅಳು. ಆದರೂ ಹರಕೆ ತೀರಿಸಲೇಬೇಕಲ್ಲ.

"ಇದು ಒಡದ ದಿನ ಹೇಳತೇನಂತ ದೇವರಿಗೆ ಮಾತ ಕೊಟ್ಟಿದ್ನಿರಿ. ನೀವಂದ್ರ ನನಗ ಜೀವರಿ. ಹೇಳೂದಷ್ಟ ಉಳಿದಿತ್ತು."

ಮಾಸ್ತರು ಚಪ್ಪಲಿ ಮೆಟ್ಟಿಕೊಂಡು ಹೋದರು. ರೇವವ್ವ ಕುಂಚ ಅದ್ದಿ, ಕೆಳಗಿನ ಸೊನ್ನೆಯಿಂದ ಶುರು ಮಾಡಿ, ಲೆಕ್ಕದ ಮೇಲೆಲ್ಲ ಹಳದಿ ಬಳಿದಳು. ನಾಳೆ ಆ ಹಲಿಗೆ ಯಾರದೋ ತೊಟ್ಟಿಲಿಗೆ ಬೇಕಿತ್ತು.