ಕೇಳದೇ ಹೋದ ಹೂಂ

"ಎಕ್ಸ್‌ಕ್ಯೂಸ್ ಮಿ! ಅದು ನನ್ನ ಕುರ್ಚಿ!"

ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರೂ ಆ ಮನುಷ್ಯ ಕತ್ತೆತ್ತಲಿಲ್ಲ. ಕಾಗದದ ಮೇಲೆ ಏನೋ ಗೀಚುತ್ತಾ ಕೂತೇ ಇದ್ದ.

ಮಾಧುರಿಗೆ ಮೈಯೆಲ್ಲಾ ಉರಿಯಿತು. ಅಬುಧಾಬಿ ಪಕ್ಕದ ಬನಿಯಾಸ್‌ನ ಮನೆಯಿಂದ ನಸುಕಿನಲ್ಲೇ ಹೊರಟು, ಅಣ್ಣನ ಕಾರಿನಲ್ಲಿ ದುಬೈ ಮುಟ್ಟಿ, ಹೋಟೆಲಿನ ಉದ್ದದ ಕಾರಿಡಾರಿನಲ್ಲಿ ಓಡೋಡಿ ಬಂದಿದ್ದಳು. ಬಂದರೆ ಈ ದರ್ಬಾರು! ಬಲಗಡೆಯ ಮೇಜಿನ ಮೇಲೆ 'ಫ್ರೆಂಚ್ – ಮಾಧುರಿ' ಅಂತ ದೊಡ್ಡದಾಗಿ ಚೀಟಿ ಅಂಟಿಸಿದ್ದರೂ ಇವನಿಗೆ ಕಣ್ಣಿಲ್ಲವೇ?

ಆಚೆ ಬದಿಗೆ ಸುತ್ತಿ ಬಂದು, ಸಿಟ್ಟು ತಡೆಯಲಾರದೆ ಊರ ಮಾತಿನಲ್ಲೇ ಒದರಿದಳು.

"ಎಂಥಾ ಮೊಂಡ ಮನಷ್ಯಾ ಅದಾನಪ್ಪ ಇಂವಾ!"

ಅವನು ಥಟ್ಟನೆ ತಿರುಗಿದ. ಮುಖದಲ್ಲಿ ಒಂದು ಕಳ್ಳ ನಗು.

"ಬೈಯೂದಿದ್ರ ಈ ಕಡೆ ನಿಂತ ಬೈರಿ ಮೇಡಂ. ಈ ಕಡೆ ಚಲೋ ಕೇಳಸ್ತೈತಿ."

ಅಯ್ಯೋ ದೇವರೇ... ಕನ್ನಡದವನು! ಅದೂ ನಮ್ಮ ಕಡೆಯವನು!

ಬಾಗಲಕೋಟೆಯ ಮಾಧುರಿಯ ಮುಖ ಕೆಂಪಾಯಿತು. ಅಥಣಿಯ ಪ್ರೀತಮ ಮಾತ್ರ ಆ ಕುರ್ಚಿ ಬಿಟ್ಟು ಏಳಲಿಲ್ಲ. ಚೀಟಿ ಕಿತ್ತು ಎಡಗಡೆಯ ಮೇಜಿಗೆ ಅಂಟಿಸಿ, "ದಯವಿಟ್ಟು ಅಲ್ಲಿ ಕುಂದರ್ರಿ" ಅಂದ. ಅಷ್ಟು ನಯವಾಗಿ ಹೇಳಿದರೆ ಯಾರು ತಾನೇ ಜಗಳ ಮುಂದುವರಿಸುತ್ತಾರೆ?

ಅದು 2005ರ ಫೆಬ್ರವರಿ. ಯುರೋಪಿನ ಶಾಲೆಗಳನ್ನೂ ಎಮಿರೇಟ್ಸ್‌ನ ಶಾಲೆಗಳನ್ನೂ ಜೋಡಿ ಮಾಡುವ ಮೂರು ದಿನಗಳ ಶಿಕ್ಷಣ ಸಮ್ಮೇಳನ. ಹಾಲ್‌ನ ಹಿಂಬದಿಗೆ ಗಾಜಿನದೊಂದು ಪೆಟ್ಟಿಗೆ, ಅದರಲ್ಲಿ ಭಾಷಾಂತರ ಮಾಡುವ ಇಬ್ಬರು ಶಿಕ್ಷಕರು. ವೇದಿಕೆಯ ಮೇಲಿನ ಜರ್ಮನ್ ಮಾತನ್ನು ಪ್ರೀತಮ ಹೆಡ್‌ಫೋನಿನಲ್ಲಿ ಕೇಳಿ ಇಂಗ್ಲಿಷ್ ಮಾಡಬೇಕು. ಅವನ ಇಂಗ್ಲಿಷನ್ನು ಮಾಧುರಿ ಫ್ರೆಂಚ್ ಮಾಡಬೇಕು. ಅವನು ದುಬೈಯ ಒಂದು ಯುರೋಪಿಯನ್ ಶಾಲೆಯಲ್ಲಿ ಜರ್ಮನ್ ಮೇಷ್ಟ್ರು. ಅವಳು ಅಬುಧಾಬಿಯ ಇಂಡಿಯನ್ ಶಾಲೆಯೊಂದರಲ್ಲಿ ಫ್ರೆಂಚ್ ಟೀಚರ್.

ಭಾಷಾಂತರಕಾರರಿಗೆ ಒಂದು ನಿಯಮ. ವೇದಿಕೆಯವರು 'ನಾನು' ಅಂದರೆ ಇವರೂ 'ನಾನು' ಅನ್ನಲೇಬೇಕು. ಪ್ರೀತಮನ ಶಾಲೆಯ ಮುಖ್ಯಸ್ಥೆ ಉರ್ಸುಲಾ ಭಾಷಣ ಶುರು ಮಾಡಿದ್ದೇ ತನ್ನ ಹೆರಿಗೆಯ ಕಥೆಯಿಂದ!

"ನಾನು ಮೊದಲನೇ ಸಲ ಬಸುರಿಯಾದಾಗ..." ಅಂತ ಪ್ರೀತಮ ತನ್ನ ಗಂಡು ಧ್ವನಿಯಲ್ಲಿ ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದ.

ಮಾಧುರಿ ಫ್ರೆಂಚಿನಲ್ಲಿ ಅದನ್ನು ಮುಗಿಸುವಷ್ಟರಲ್ಲಿ ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದಳು. ಅವನು ಮೈಕ್ ಆರಿಸಿ, "ನಗಬ್ಯಾಡ್ರೀ... ಹೆರಿಗಿ ಇನ್ನೂ ಆಗಿಲ್ಲ" ಅಂದ.

ಹುಡುಗಿ ಜಾರಿದ್ದು ಅಲ್ಲೇ. ಇಪ್ಪತ್ತೇಳು ವರ್ಷ ಬಿಗುಮಾನದಲ್ಲಿ ಬೆಳೆದವಳು, ಇಂಥ ಮಾತಿಗೆ ಸೋತಳು!

ಮೂರನೇ ದಿನದ ಬೆಳಿಗ್ಗೆ. ಹಾಲ್ ಖಾಲಿ. ಮೈಕಿನ ಉಸ್ತುವಾರಿಯ ಕೇರಳದ ಅಲೆಕ್ಸಾಂಡರ್ ದೂರದಿಂದ ಕೂಗಿದ. "ಯಲ್ಲಾ, ಬೇಗ ಬೇಗ, ಮೈಕ್ ಚೆಕ್! ಏನಾದರೂ ಮಾತಾಡಿ!"

ಎಲ್ಲರೂ ಒನ್, ಟೂ, ಥ್ರೀ ಅನ್ನುತ್ತಾರೆ. ಪ್ರೀತಮ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದ. ಮೈಕಿನ ಕೆಂಪು ದೀಪ ನೋಡುತ್ತಾ, ಇಡೀ ಹಾಲ್‌ನಲ್ಲಿ ಅವಳನ್ನು ಬಿಟ್ಟು ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಕೇಳಿದ.

"ಮಾಧುರಿ... ನನ್ನ ಮದವಿ ಆಗ್ತೀರೇನ್ರಿ?"

ತಮಾಷೆಯೇ? ಅಲ್ಲ... ಅವನು ಕೈಯಲ್ಲಿದ್ದ ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದ. ಈ ಮಾತು ಬಂದರೆ ಏನು ಹೇಳುವುದೆಂದು ಅವಳು ಹಿಂದಿನ ರಾತ್ರಿಯೇ ಯೋಚಿಸಿಟ್ಟಿದ್ದಳು. ಈಗ ಒಂದೂ ನೆನಪಾಗಲಿಲ್ಲ.

ತಲೆ ತಗ್ಗಿಸಿದಳು. ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು. ಮೈಕ್ ಒತ್ತದೆ, ಬರೀ ಬಾಯಲ್ಲಿ ಅಂದಳು.

"ಹೂಂ... ಆಗ್ತೀನಿ."

ಒಂದು ಮಾರು ದೂರದಲ್ಲಿ ಕೂತವರಿಗೆ ಕೇಳಿಸುವಂತೆಯೇ ಅಂದಿದ್ದಳು.

ಅವಳು ಕಣ್ಣೆತ್ತಿ ನೋಡಿದಾಗ ಅವನ ಮುಖದಲ್ಲಿ ನಗುವೇ ಇರಲಿಲ್ಲ. ಮೈಕ್ ಸರಿಯಿದೆ ಅಂತ ಅಲೆಕ್ಸಾಂಡರನಿಗೆ ಕೈ ಮಾಡಿ ಹೆಡ್‌ಫೋನ್ ಏರಿಸಿಕೊಂಡ. ಆ ದಿನ ಪೂರ್ತಿ ಅವಳ ಕಡೆ ತಿರುಗಲಿಲ್ಲ. ಸಮ್ಮೇಳನ ಮುಗಿದ ಮೇಲೆ, "ಬರ್ತೀನ್ರಿ, ತಪ್ಪಾಗಿದ್ರ ಕ್ಷಮಾ ಮಾಡ್ರಿ" ಅಂದವನೇ ಹೊರಟುಹೋದ.

'ಹೂಂ ಅಂದ ಹುಡುಗಿಯ ಕ್ಷಮೆ ಕೇಳಿ ಹೋಗುವ ಗಂಡಸೂ ಇದ್ದಾನೆಯೇ! ಅಂದರೆ... ಮೈಕ್ ಚೆಕ್ ಅಷ್ಟೇನಾ ನಾನು?' ದುಬೈಯಿಂದ ಬನಿಯಾಸ್‌ವರೆಗೂ ಅವಳು ಕಿಟಕಿಗೆ ಹಣೆ ಆನಿಸಿ ಅತ್ತಳು. ಅಣ್ಣ ಅಭಿಜೀತ, ತಂಗಿಗೆ ಎಸಿ ಜಾಸ್ತಿಯಾಯಿತೆಂದು ಕಡಿಮೆ ಮಾಡಿದ.

ಮಾರ್ಚ್ ಬಂತು. ಅವಳೇ ಸೋತು ಫೋನ್ ಮಾಡಿದಳು. ಎತ್ತಲಿಲ್ಲ. ಏಪ್ರಿಲ್‌ನಲ್ಲಿ ಆರು ಸಲ. ಅರಬರು ಅನ್ನುವಂತೆ 'ಮಾಫಿ', ಉತ್ತರವೇ ಇಲ್ಲ! ಕೊನೆಗೆ ಎರಡು ಸಾಲಿನ ಮೇಲ್ ಬಂತು. 'ಶಾಲೆಯ ವಿಷಯವಿದ್ದರೆ ದಯವಿಟ್ಟು ಬರೆದು ತಿಳಿಸಿ. ಫೋನ್ ಬೇಡ.'

ಅತ್ತಿಗೆ ಸುಮಿತ್ರಾಗೆ ಎಲ್ಲವೂ ಗೊತ್ತಿತ್ತು. ಪಲ್ಲೆ ಸೋಸುತ್ತಾ ಅಂದಳು.

"ಫೋನ್ ಎತ್ತಲಾರದ ಗಂಡಸು ನಾಳೆ ಸಂಸಾರ ಎತ್ತತಾನೇನವಾ? ಬಿಟ್ಟುಬಿಡು. ಖಲಾಸ್!"

"ಬಿಟ್ಟೀನಿ ವೈನಿ."

"ಹೌದಲ್ಲ? ಮತ್ತ ಆ ಬಿಜಾಪುರದ ಡಾಕ್ಟರ್ ಮನಿಯವರಿಗೆ ಹೂಂ ಅಂತ ಹೇಳ್ಲೇನು?"

ಮಾಧುರಿ ಪಲ್ಲೆಯ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬಾಯಲ್ಲಿ ಬಿಟ್ಟೀನಿ ಅಂದರೆ ಮನಸ್ಸು ಬಿಡುತ್ತದೆಯೇ? ಒಮ್ಮೆ ಹೂಂ ಅಂದಿದ್ದಳು. ಇನ್ನೊಬ್ಬರಿಗೆ ಅದೇ ಮಾತು ಅನ್ನಲು ನಾಲಿಗೆ ಏಳುತ್ತಿರಲಿಲ್ಲ.

ಸೆಪ್ಟೆಂಬರ್ ಇಪ್ಪತ್ತಾರು, ಯುರೋಪಿನ ಭಾಷಾ ದಿನ. ಮಾಧುರಿಯ ಶಾಲೆಯಲ್ಲೇ ಭಾಷಾ ಹಬ್ಬ. ಅಂಗಳದ ತುಂಬಾ ಬಣ್ಣದ ಚಾರ್ಟುಗಳು, ಒಂದು ಮೇಜಿಗೆ ಒಂದು ಭಾಷೆ. ಏಳನೇ ಕ್ಲಾಸಿನ ಮಕ್ಕಳು ಹದಿನಾಲ್ಕು ಭಾಷೆಗಳಲ್ಲಿ ನಮಸ್ಕಾರ ಹೇಳಿದರು. ದುಬೈಯ ಯುರೋಪಿಯನ್ ಶಾಲೆಯಿಂದ ಉರ್ಸುಲಾ ಬಂದಿದ್ದಳು. ಮಕ್ಕಳ ಸಾಲಿನ ಕೊನೆಗೆ ಪ್ರೀತಮನೂ ಬಂದಿದ್ದ.

ಸೊರಗಿಹೋಗಿದ್ದ. ಅವಳನ್ನು ಕಂಡು ಬರೀ ತಲೆಯಾಡಿಸಿ ಮುಂದಿನ ಸಾಲಿನಲ್ಲಿ ಕೂತ.

'ಮಾತಾಡಲ್ಲ. ಪ್ರಾಣ ಹೋದರೂ ನಾನಾಗಿ ಮಾತಾಡಲ್ಲ!'

ಆಗಲೇ ಒಬ್ಬಳು ಪುಟ್ಟ ಹುಡುಗಿ ಓಡಿಬಂದು ಅವನ ಬೆನ್ನ ಹಿಂದೆ ನಿಂತಳು. "ಸರ್! ಸರ್! ಐ ಫರ್ಗಾಟ್ ಮೈ ಲೈನ್ಸ್!"

ಅವನು ತಿರುಗಲಿಲ್ಲ.

"ಸರ್!!"

ಊಹೂಂ. ಹುಡುಗಿ ಸ್ವಲ್ಪವೂ ಬೇಜಾರಿಲ್ಲದೆ, ರೂಢಿಯಾದವಳಂತೆ, ಮುಂದಕ್ಕೆ ಬಂದು ಅವನ ತೋಳು ತಟ್ಟಿದಳು. ಅವನು ನಕ್ಕು, ಅವಳ ತುಟಿಗಳನ್ನೇ ನೋಡುತ್ತಾ ಬಗ್ಗಿದ.

ಮಾಧುರಿಯ ಕೈಯಿಂದ ಚಾರ್ಟು ಜಾರಿತು. ಅದನ್ನು ಎತ್ತಿಕೊಟ್ಟವಳು ಉರ್ಸುಲಾ.

"ನಿನಗೆ ಗೊತ್ತಿರಲಿಲ್ಲವೇ?" ಉರ್ಸುಲಾ ಮೆಲ್ಲಗೆ ಫ್ರೆಂಚಿನಲ್ಲಿ ಕೇಳಿದಳು. "ಅವನ ಬಲಗಿವಿ ಎರಡು ವರ್ಷದ ಹಿಂದೆಯೇ ಹೋಗಿದೆ. ಎಡಗಿವಿಯ ನರವೂ ಸೋಲುತ್ತಿದೆ. ಮುಂದಿನ ಬೇಸಿಗೆಯವರೆಗೂ ಉಳಿಯುವುದಿಲ್ಲ ಅಂತಾರೆ ಡಾಕ್ಟರು. ಯಂತ್ರ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲವಂತೆ. ಕೇಳಿಸದ ಭಾಷಾ ಶಿಕ್ಷಕನನ್ನು ನಮ್ಮ ಆಡಳಿತ ಮಂಡಳಿ ಹೇಗೆ ಇಟ್ಟುಕೊಳ್ಳುತ್ತದೆ? ನಾನು ಬೇಡಿಕೊಂಡೆ... ಆಗಲಿಲ್ಲ. ವೀಸಾ ಕ್ಯಾನ್ಸಲ್ ಆಗಿದೆ. ಗುರುವಾರ ಊರಿಗೆ ಹೊರಡುತ್ತಾನೆ."

ಗುರುವಾರ! ಇವತ್ತು ಸೋಮವಾರ.

ಬಲಗಡೆಯ ಕುರ್ಚಿ... ಎತ್ತದ ಫೋನ್... ಗೋಡೆಯ ಕಡೆ ಮುಖ ಮಾಡಿ ಅಂದ ಹೂಂ...

'ಅಯ್ಯೋ, ಎಂಥ ಹುಚ್ಚಿ ನಾನು! ಮೂರು ಭಾಷೆ ಕಲಿತು, ಒಂದು ಹೂಂ ಅನ್ನೋದಕ್ಕೆ ಗೋಡೆಯನ್ನೇ ಹುಡುಕಿದೆನಲ್ಲ!'

ಹಬ್ಬ ನಡೆಯುತ್ತಿದ್ದಂತೆಯೇ ಅವಳು ಅವನ ತೋಳು ಹಿಡಿದು ತನ್ನ ಫ್ರೆಂಚ್ ಕ್ಲಾಸಿಗೆ ಕರೆದೊಯ್ದಳು. ನೋಡಿದವರು ನೋಡಲಿ! ಬಾಗಿಲು ತೆರೆದಿಟ್ಟೇ ಅವನ ಎದುರಿಗೆ ನಿಂತಳು.

"ನೀವು ಆವತ್ತ ಕೇಳಿದ್ರಿ."

"ಏನ್ ಕೇಳಿದೆ?"

"ಮದವಿ ಆಗ್ತೀರೇನು ಅಂತ. ನಾ ಹೂಂ ಅಂದೆ. ನೀವು ಕೇಳ್ಲಿಲ್ಲ!"

"ಕೇಳ್ಲಿಲ್ಲಾ? ಈಗ ನೀವೇ ಅಂದ್ರೆಲ್ಲ, ಕೇಳಿದ್ರಿ ಅಂತ..."

"ಕೇಳಿದ್ರಿ! ಆದ್ರ ಕೇಳ್ಲಿಲ್ಲ!"

ಇಬ್ಬರು ಭಾಷಾ ಪಂಡಿತರು ತಮ್ಮದೇ ಮನೆಮಾತಿನ ಒಂದು ಶಬ್ದಕ್ಕೆ ಎಡವಿ ನಿಂತಿದ್ದರು. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೆ ಬೀಳುವುದೂ ಕೇಳುವುದೇ! ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವನು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ.

"ಹೂಂ ಅಂದಿದ್ರಾ..." ಅವನು ಕಣ್ಣೆತ್ತಿ ಅವಳನ್ನು ನೋಡಿದ. "ನಾ ಏನ್ ತಿಳಕೊಂಡೆ ಗೊತ್ತೇನ್ರಿ? ಮಾರಿ ತಿರಗಿಸಿದ್ರಲ್ಲ, ಅದೇ ಉತ್ತರಾ ಅಂತ. ಫೋನಿನ್ಯಾಗ ಮಾತು ತಿಳೀದು. ಅದನ್ನ ಹೇಳಾಕ ನಾಚಿಕಿ ಆತು."

"ನಾನೂ ಬರದು ಕೇಳ್ಲಿಲ್ಲ. ಸೊಕ್ಕು ಮಾಡಿದೆ. ಏಳು ತಿಂಗಳಾ ಹೋದ್ವು ಪ್ರೀತಮ."

"ಹೋಗಿದ್ದ ಚಲೋ ಆತು ಬಿಡ್ರಿ." ಅವನು ನೆಲ ನೋಡಿದ. "ನೌಕರಿ ಇಲ್ಲ. ಕಿವಿ ಬರೂದಿಲ್ಲ. ಬರೇ ಬರವಣಿಗಿ ಅನುವಾದ ಸಿಕ್ಕರ ಮಾಡ್ತೀನಿ, ಸಿಗ್ತೈತೋ ಇಲ್ಲೋ. ಆಸೆ ಹುಟ್ಟಸೂವಂಥಾ ಒಂದ ಮಾತೂ ನನ್ನ ಕಡೆ ಇಲ್ಲ."

ಅವಳ ಹತ್ತಿರವೂ ಇರಲಿಲ್ಲ. ಎಲ್ಲ ಸರಿಹೋಗುತ್ತದೆ ಅಂತ ಹೇಳಲು ಬಾಯಿ ಬರಲಿಲ್ಲ. ಸರಿಹೋಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

"ನನ್ನ ಕಾಂಟ್ರಾಕ್ಟ್ ಮಾರ್ಚ್ ತನಕಾ ಐತಿ. ನಡುವ ಬಿಟ್ರ ಬ್ಯಾನ್ ಹಾಕ್ತಾರ, ಅಣ್ಣನ ಮನಿಗೆ ಮತ್ತ ಬರಾಕೂ ಆಗೂದಿಲ್ಲ. ಮಾರ್ಚಿನ್ಯಾಗ ಬರ್ತೀನಿ. ಬಿಜಾಪುರದವರಿಗೆ ಇವತ್ತೇ ಬ್ಯಾಡ ಅಂತ ಹೇಳ್ತೀನಿ."

"ಮಾರ್ಚಿಗೆ ನನಗ ಏನೂ ಕೇಳಸೂದಿಲ್ಲ ಮಾಧುರಿ."

"ಗೊತ್ತೈತಿ."

"ನಿಮ್ಮ ಧ್ವನಿ ಹೆಂಗಿತ್ತು ಅನ್ನೂದೂ ನೆನಪ ಉಳೀತೈತೋ ಇಲ್ಲೋ..."

"ಗೊತ್ತೈತಿ ಅಂದೆನಲ್ಲ! ಕಿವಿ ನೋಡಿ ಹೂಂ ಅಂದಿದ್ನೇನು ನಾ?"

ಹೇಳಿದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಅವನ ಕಣ್ಣೂ ತುಂಬಿ ಹರಿಯುತ್ತಿತ್ತು. ಅಂಗಳದಲ್ಲಿ ಮಕ್ಕಳು ಸ್ಪ್ಯಾನಿಷ್ ಹಾಡು ಶುರು ಮಾಡಿದ್ದರು. ಆ ಹಾಡು ಅವಳೊಬ್ಬಳಿಗೇ ಕೇಳಿಸುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಅವನು ಬೆಂಚಿನ ಮೇಲೆ ಬಲಕ್ಕೆ ಸರಿದು, ತನ್ನ ಎಡಗಡೆಗೆ ಜಾಗ ಮಾಡಿದ.

"ಇಲ್ಲಿ ಕುಂದರು."

ಮಾಧುರಿ ಬೆಚ್ಚಿ ನೋಡಿದಳು. ರೀ ಇಲ್ಲ, ನೀವು ಇಲ್ಲ. ಇಷ್ಟು ದಿನದಲ್ಲಿ ಮೊದಲ ಸಲ! ಕಣ್ಣೊರೆಸಿಕೊಂಡು ಹೋಗಿ ಕೂತಳು.

"ದುಬೈ ಬಸ್ ಬರಾಕ ಇನ್ನ ಅರ್ಧಾ ತಾಸ ಐತಿ," ಅವನಂದ. "ಮಾತಾಡು."

"ಏನ್ ಮಾತಾಡ್ಲಿ?"

"ಏನರ. ನೀ ಮುಂಜಾನಿಂದ ಏನ್ ಮಾಡಿದಿ, ಅದನ್ನೇ ಹೇಳು. ನಾ ಸುಮ್ನ ಕುಂತ ಕೇಳ್ತೀನಿ."

ಅವಳು ಅವನ ಎಡಗಿವಿಗೆ ಹತ್ತಿರವಾದಳು. ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳತೊಡಗಿದಳು.

"ಐದಕ್ಕ ಎದ್ದೆ. ವೈನಿ ಚಾ ಮಾಡಿದ್ಲು, ಸಕ್ಕರಿ ಹಾಕೂದ ಮರತಿದ್ಲು."

"ಮುಂದ?"

"ಅಣ್ಣನ ಕಾರ್ ಚಾಲೂನೇ ಆಗ್ಲಿಲ್ಲ. ನಾನೂ ವೈನಿನೂ ಕೂಡಿ ನೂಕಿದ್ವಿ. ಬಾಜೂ ಮನಿಯವರೆಲ್ಲಾ ನೋಡಿ ನಗಾಕತ್ತಿದ್ರು."

ಅವನು ಕಣ್ಣು ಮುಚ್ಚಿದ್ದ. ತುಟಿಯಲ್ಲಿ ಸಣ್ಣದೊಂದು ನಗು.

"ಮುಂದ?"

"ಶಾಲಿಗೆ ಬಂದೆ. ಗೋಡಿಗೆ ಚಾರ್ಟ್ ಹಚ್ಚಿದೆ. ಅಂಟು ಸಾಲಲಿಲ್ಲ. ಅರ್ಧಾ ಚಾರ್ಟ್ ಕೈಯಾಗೇ ಉಳದ್ವು."

"ಮುಂದ?"

ಮಾಧುರಿ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಮುಂದ... ನೀವು ಬಂದ್ರಿ."