ಮಗ್ಗುಲ ಸೀಟು ಖಾಲಿ ಇದ್ದಾಗ

ಮಗ್ಗುಲಲ್ಲಿ ಯಾರಾದರೂ ಕೂತರೆ ಆ ದೀಪ ಹತ್ತುತ್ತಿರಲಿಲ್ಲ. ದಾಕ್ಷಾಯಿಣಿ ಒಬ್ಬಳೇ ಹೊರಟ ದಿನ, ನವಲೂರು ದಾಟಿದ ಮೇಲೆ ಎಲ್ಲೋ ಒಂದು ಕಡೆ, ಸ್ಟೇರಿಂಗಿನ ಹಿಂದೆ ಗೇರಿನ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ತುಸು ಹೊತ್ತು ಉರಿದು ತನ್ನಷ್ಟಕ್ಕೆ ತಾನೇ ಆರುತ್ತಿತ್ತು.

ಕಾರು ಗಂಡ ಶಿವಯೋಗೀಶನದು. ಮೊಣಕಾಲು ನೋವಿನವನು, ಕ್ಲಚ್ ತುಳಿಯುವುದೇ ಬೇಡವೆಂದು ಆಟೋಮ್ಯಾಟಿಕ್ ಗಾಡಿ ಹುಡುಕಿ ಕೊಂಡಿದ್ದ. ಅವನು ತೀರಿಕೊಂಡ ಮೇಲೆ ಅವಳು ಡ್ರೈವಿಂಗ್ ಕಲಿತಳು. ಮಾಳಮಡ್ಡಿಯ ಮನೆಯಿಂದ ಉಣಕಲ್ಲಿನ ತನ್ನ ಹೊಲಿಗೆ ಕೇಂದ್ರಕ್ಕೆ ಪರದೆ ಬಟ್ಟೆ ಹೇರಿಕೊಂಡು ಹೋಗುವಾಗ, ಕಿಟಕಿಯ ಗಾಳಿ ಮುಖಕ್ಕೆ ಬಡಿಯುವಾಗ, ಯಾರ ಹಂಗೂ ಇಲ್ಲದ ಒಂದು ಜೀವ ತಾನು ಎನಿಸುತ್ತಿತ್ತು. ದಿನದಲ್ಲಿ ಅಷ್ಟೇ ಹೊತ್ತು.

ಮೈದುನ ಅಮರೇಶ ಜೊತೆಗೆ ಕೂತು ನೋಡಿದ. ದೀಪ ಹತ್ತಲಿಲ್ಲ. ಒಬ್ಬಳೇ ಇದ್ದೂ ಇದ್ದೂ ವೈನಿಗೆ ಇಲ್ಲದ್ದು ಕಾಣಾಕತ್ತೈತಿ ಎಂದು ತನ್ನ ಮನೆಮಂದಿಯೆದುರು ಅತ್ತಿಗೆಯನ್ನು ನೋಡಿ ನಕ್ಕ. ರವಿವಾರ ಗಿರಾಕಿಯನ್ನು ಕರೆತರುತ್ತೇನೆ, ಅಷ್ಟರೊಳಗೆ ಏನೆಂದು ಗೊತ್ತಾಗದಿದ್ದರೆ ಗಾಡಿ ಕೊಟ್ಟುಬಿಡೋಣ ಎಂದ. ನಡುರಸ್ತೆಯಲ್ಲಿ ಕಾರು ನಿಂತರೆ ಯಾರನ್ನು ಕರೀತೀರಿ ಎಂದೂ ಕೇಳಿದ. ಗಾಡಿ ಕೊಡಲು ಅವಳು ಹೂಂ ಎಂದಳು.

ಲಕಮನಹಳ್ಳಿಯ ಗ್ಯಾರೇಜಿನ ಮಿಲಿಂದ ಮಾತ್ರ ನಕ್ಕಿರಲಿಲ್ಲ. ಗಾಡಿಯ ತಪ್ಪು ಹೇಳುವ ಸ್ಕ್ಯಾನರ್ ಹಚ್ಚಿದರೆ ಹಳೆಯ ಗಾಡಿ ಬಾಯಿ ಬಿಡಲಿಲ್ಲ. ಗೇರಿನ ಆಯಿಲಿನದೇ ದೋಷವೆಂದು ಅದನ್ನು ಬದಲಿಸಿದ. ತಪ್ಪಾಯಿತು. ವೈರುಗಳನ್ನೆಲ್ಲ ಬಿಚ್ಚಿ ಒರೆಸಿದ. ಅದೂ ತಪ್ಪಾಯಿತು. ತನ್ನದೇ ಭ್ರಮೆ ಇರಬೇಕು, ಬಿಟ್ಟುಬಿಡಿ ಎಂದು ಅವಳು ಸೋತು ಹೇಳಿದಾಗ ಅವನು ಕೈಯೊರೆಸಿಕೊಳ್ಳುತ್ತ ತಲೆಯೆತ್ತಿದ.

"ಹತ್ತತದ ಅಂತ ನೀವು ಅಂದ ಮ್ಯಾಲೆ ಹತ್ತತದ್ರಿ. ನನಗ ಇನ್ನೂ ಸಿಕ್ಕಿಲ್ಲ, ಅಷ್ಟ."

ಆ ಮಾತನ್ನು ಅವಳು ಮನೆಗೆ ಒಯ್ದಳು. ಊಟಕ್ಕೆ ಕೂತಾಗಲೂ ಅದು ಎದುರಿಗೇ ಕೂತಿತ್ತು.

ಇನ್ನೊಂದು ಸಂಗತಿಯನ್ನೂ ಅವಳು ಗಮನಿಸಿದ್ದಳು. ಗ್ಯಾರೇಜಿಗೆ ಬರುವ ಹೆಂಗಸರೆಲ್ಲ ಅವನಿಗೆ ಅಕ್ಕಾರು. ಇವಳನ್ನು ಮಾತ್ರ ಅವನು ಏನೆಂದೂ ಕರೆಯುತ್ತಿರಲಿಲ್ಲ.

ಪರೀಕ್ಷೆಗೆಂದು ಹೊರಟಾಗಲೆಲ್ಲ ಮಿಲಿಂದ ಅವಳ ಮಗ್ಗುಲಲ್ಲಿ ಬಾಗಿಲಿಗೆ ಅಂಟಿಕೊಂಡೇ ಕೂಡುತ್ತಿದ್ದ. ಅವಳೂ ಮೈಯನ್ನೆಲ್ಲ ಬಿಗಿಹಿಡಿದು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಸೆರಗು ಅತ್ತ ಹಾರದಂತೆ ಸಿಕ್ಕಿಸಿ ಓಡಿಸುತ್ತಿದ್ದಳು. ಒಬ್ಬರ ಮರ್ಯಾದೆ ಇನ್ನೊಬ್ಬರು ಕಾಯುವುದರಲ್ಲೇ ಉಣಕಲ್ ಬಂದುಬಿಡುತ್ತಿತ್ತು. ದೀಪ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಓರೆನೋಟದಲ್ಲಿ ಅವನ ಕಣ್ಣು ಸಿಕ್ಕಿತು. ಇಬ್ಬರೂ ಒಟ್ಟಿಗೇ ರಸ್ತೆ ನೋಡಿದರು.

ಶನಿವಾರ ಇಳಿಹೊತ್ತಿಗೆ ಅವನು ಹಿಂದಿನ ಬಾಗಿಲು ತೆಗೆದ. "ಇವತ್ತ ನಾ ಹಿಂದ ಕೂಡ್ತೇನ್ರಿ. ನಾ ಇಲ್ಲ ಅಂತ ತಿಳದು ಗಾಡಿ ಹೊಡೀರಿ."

"ಇದ್ದವರನ್ನ ಇಲ್ಲ ಅಂತ ಹೆಂಗ ತಿಳ್ಕೊಳ್ಳೂದ್ರಿ?"

"ಊರ ಮಂದಿ ಎಲ್ಲಾ ಹಂಗ ತಿಳ್ಕೊಂಡದ. ನಿಮಗ್ಯಾಕ ಕಷ್ಟ?"

ಅವಳಿಗೆ ನಗು ಬಂತು. ನಕ್ಕ ಮೇಲೆ ಆ ಮಾತು ಚುಚ್ಚಿತು. ತಂಗಿಯರ ಲಗ್ನ ಮಾಡಿ ಮುಗಿಸುವಷ್ಟರಲ್ಲಿ ತಲೆ ನರೆತು, ಗ್ಯಾರೇಜಿನ ಹಿಂದಿನ ಎರಡು ಖೋಲಿಯಲ್ಲಿ ಒಬ್ಬನೇ ಇರುವವನು ಎಂದು ಯಾರೋ ಹೇಳಿದ್ದು ನೆನಪಾಯಿತು.

ನವಲೂರು ದಾಟಿತು. ಹಿಂದಿನಿಂದ ಉಸಿರಿನ ಸದ್ದೂ ಇಲ್ಲ. ಬಿಸಿಲು ಹೊಲಗಳ ಮೇಲೆ ಒರಗಿಕೊಂಡಿತ್ತು. ಅವಳು ನಾಳೆಯ ಗಿರಾಕಿಯನ್ನು ನೆನೆದಳು, ಕಾರಿಲ್ಲದ ಸೋಮವಾರವನ್ನು ನೆನೆದಳು. ನೆನೆಯುತ್ತ ನೆನೆಯುತ್ತ ಹಿಂದೊಬ್ಬನಿದ್ದಾನೆಂಬುದನ್ನು ಖರೇನೇ ಮರೆತಳು.

ದೀಪ ಹತ್ತಿತು.

"ಹತ್ತಿತ್ರಿ," ಎಂದಳು.

"ನೋಡಿದೆ. ಗಾಡಿ ಬಾಜೂಕ ಹಚ್ಚರಿ. ಎಡಗೈ ಹಂಗ ಇರ್ಲಿ."

ಆಗ ಅವಳು ತನ್ನ ಎಡಗೈ ನೋಡಿಕೊಂಡಳು. ಅದು ಗೇರಿನ ಹಿಡಿಯ ಮೇಲಿತ್ತು. ಮೇಲಿತ್ತು ಎನ್ನುವುದಕ್ಕಿಂತ ಅದನ್ನು ಹಿಡಿದುಕೊಂಡಿತ್ತು, ಸಂತೆಯಲ್ಲಿ ಜೊತೆಗಿದ್ದವರ ಕೈ ಹಿಡಿದ ಹಾಗೆ. ಆ ಗಾಡಿಗೆ ಗೇರು ಬದಲಿಸುವ ಕೆಲಸವೇ ಇರಲಿಲ್ಲ.

ಕಾರು ನಿಂತ ಮೇಲೆ ಮಿಲಿಂದ ತಿಳಿಸಿ ಹೇಳಿದ. ಹಿಡಿಯ ಕೆಳಗೆ, ಗೇರು ಎಲ್ಲಿದೆ ಎಂದು ಗಾಡಿಗೆ ತಿಳಿಸುವ ಒಂದು ಸ್ವಿಚ್ ಇರುತ್ತದೆ. ಅದು ಸವೆದಿದೆ. ಕೈಭಾರ ಬಿದ್ದರೆ ತುಸು ಸರಿಯುತ್ತದೆ, ದೀಪ ಹತ್ತುತ್ತದೆ. ಕೈ ತೆಗೆದರೆ ಆರುತ್ತದೆ. ಸ್ವಿಚ್ ಬದಲಿಸಿದರೆ ಮುಗಿಯಿತು, ಗಾಡಿ ಇನ್ನೂ ಗಟ್ಟಿಯಿದೆ.

ಒಬ್ಬಳೇ ಇದ್ದಾಗಲೇ ಆ ಕೈ ಹಿಡಿಗೆ ಹೋಗುತ್ತಿತ್ತು ಎಂದು ಅವಳಿಗೆ ಹೊಳೆಯಿತು. ಕೈಯನ್ನು ಮಡಿಲಿಗೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟಳು. ಯಾರೂ ನೋಡಬಾರದ್ದನ್ನು ಅವನು ನೋಡಿದ್ದ.

"ಅಷ್ಟೊತ್ತು ನನ್ನ ಕೈನ ನೋಡಾಕತ್ತಿದ್ರೇನ್ರಿ?"

"ಅದು ನನ್ನ ಕೆಲಸ ಅಲ್ಲೇನ್ರಿ?" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಮೊದಲ ಮೊದಲ ಬರೇ ಕೆಲಸಾನ ಆಗಿತ್ತು."

ಲಾರಿಯೊಂದು ಹಾದುಹೋಗಿ ಕಾರು ಅಲುಗಿತು.

"ನಾಚಿಕಿ ಪಡಬ್ಯಾಡ್ರಿ," ಎಂದ ಮಿಲಿಂದ, ಕಿಟಕಿಯ ಹೊರಗೆ ನೋಡುತ್ತ. "ನಾ ದಿನಾ ಮುಂದಿನ ಖೋಲ್ಯಾಗ ಟಿವಿ ಹಚ್ಚಿಟ್ಟು, ಹಿಂದಿನ ಖೋಲ್ಯಾಗ ಕೂತು ಉಣತೇನಿ. ಯಾರೋ ಮಾತಾಡಾಕತ್ತಾರ ಅನಸ್ತದ. ನೀವು ಬರೋ ದಿನ ಅಷ್ಟ ಹಚ್ಚೂದಿಲ್ಲ. ನಿಮ್ಮ ಮಾತ ಇನ್ನೂ ಕಿವ್ಯಾಗ ಇರ್ತಾವು."

ಅವಳು ಮುಂದೆ ನೋಡುತ್ತಲೇ ಇದ್ದಳು. ಕಣ್ಣು ತುಂಬಿ ರಸ್ತೆ ಕಲೆಸಿಹೋಯಿತು. ಕಣ್ಣೊರೆಸಿಕೊಂಡು ಫೋನ್ ತೆಗೆದು ಅಮರೇಶನಿಗೆ ಹಚ್ಚಿದಳು. ಗಿರಾಕಿ ಬರುವುದು ಬೇಡ, ಗಾಡಿ ಕೊಡುವುದಿಲ್ಲ ಎಂದಳು. ಅತ್ತ ಅವನು ಏನೇನೋ ಕೇಳುತ್ತಿದ್ದ. ಫೋನ್ ಇಟ್ಟಳು.

ಕಾರು ತಿರುಗಿಸಿದಳು. ಲಕಮನಹಳ್ಳಿ ಬಂತು, ಗ್ಯಾರೇಜಿನ ತಿರುವು ಬಂತು. ಅವಳು ಕಾರನ್ನು ಅತ್ತ ತಿರುಗಿಸಲಿಲ್ಲ. ಹಿಂದೆ ಉಳಿದ ಗ್ಯಾರೇಜನ್ನು ಅವನು ತಿರುಗಿ ನೋಡಿದ.

ಮಾಳಮಡ್ಡಿಯಲ್ಲಿ ಇನ್ನೂ ಬೆಳಕಿತ್ತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಗಂಡ ಹೋದಂದಿನಿಂದ ಆ ಕಟ್ಟೆಯೆದುರು ತಲೆತಗ್ಗಿಸಿ ಹಾಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮನೆಯ ಮುಂದೆ ಕಾರು ನಿಲ್ಲಿಸಿ ಇಳಿದಳು. ಮಿಲಿಂದ ಇಳಿದವನು ಕಟ್ಟೆಯನ್ನು ಕಂಡು, ಹಾಗೇ ನಡೆದು ಹೊರಟುಬಿಡುವವನಂತೆ ಹೆಜ್ಜೆ ಹಿಂದಿಟ್ಟ.

ದಾಕ್ಷಾಯಿಣಿ ಬಾಗಿಲ ಕೀಲಿ ತೆಗೆದು, ಓಣಿಗೆಲ್ಲ ಕೇಳುವಂತೆ ಕರೆದಳು.

"ಒಳಗ ಬರ್ರಿ ಮಿಲಿಂದ. ಊಟ ಮಾಡ್ಕೊಂಡ ಹೋಗೀರಂತ."